ಸದ್ದಿಗೆ ಹೆದರಿದ ಮನೆ

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಕಾಫಿ ಕುಡಿದು ಮುಗಿಸುವುದರೊಳಗೆ ಅವರ ಬಾಯಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: "ಮೇಡಂ, ಎಷ್ಟು ದಿನದಲ್ಲಿ ಶಾಂತ ಆಗ್ತಾರೆ?" ನಾನು ನಿವೃತ್ತಳಾಗುವ ತನಕ ತಂದೆತಾಯಿಗಳು ಕೇಳುತ್ತಿದ್ದುದೂ ಇದನ್ನೇ, ಶಾಲೆಯವರು ಕೇಳುತ್ತಿದ್ದುದೂ ಇದನ್ನೇ. ಆಟಿಸಂ ಇರುವವರು ಮಾತ್ರ ಈ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ. ಅವರು ಕೇಳುತ್ತಿದ್ದುದೇ ಬೇರೆ: "ಆ ಫ್ಯಾನ್ ಆಫ್ ಮಾಡ್ತೀರಾ?"

ಮೈಸೂರಿನಲ್ಲಿ ಆಟಿಸಂ ಇರುವ ಮಕ್ಕಳಿಗೂ ದೊಡ್ಡವರಿಗೂ ನೆರವಾಗುವ ಸಣ್ಣದೊಂದು ಕೇಂದ್ರದಲ್ಲಿ ನಾನು ಆಪ್ತಸಮಾಲೋಚಕಿಯಾಗಿದ್ದೆ. ಹಳೆಯ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದರು. ಕೆಂಪು ಗಾರೆ ನೆಲದ ಹಜಾರ, ಹಿಂದುಗಡೆ ಅಡುಗೆಮನೆ, ಅಂಗಳದಲ್ಲಿ ಒಂದು ಹೊಂಗೆ ಮರ. ಸಿಟ್ಟೋ ಗಾಬರಿಯೋ ಮೈಮೇಲೆ ಬಂದಾಗ ಅದನ್ನು ತಾಳಿಕೊಳ್ಳುವುದು ಹೇಗೆಂದು ಕಲಿಸುವುದು ನನ್ನ ಪಾಲಿಗೆ ಬಂದ ಕೆಲಸ.

ಮೊದಮೊದಲು ನಮ್ಮ ಕೇಂದ್ರದಲ್ಲಿ ಎಲ್ಲರನ್ನೂ ಜಮಖಾನದ ಮೇಲೆ ಸಾಲಾಗಿ ಕೂರಿಸಿ ಧ್ಯಾನ ಹೇಳಿಕೊಡುವ ಪದ್ಧತಿ ಇತ್ತು. ಬೆನ್ನು ನೆಟ್ಟಗೆ, ಕಣ್ಣು ಮುಚ್ಚಿ, ಮನಸ್ಸನ್ನು ಖಾಲಿ ಮಾಡಿ. ಲಷ್ಕರ್ ಮೊಹಲ್ಲಾದಿಂದ ಬರುತ್ತಿದ್ದ ಒಬ್ಬ ತರುಣ, ಬಟ್ಟೆ ಅಂಗಡಿಯವರ ಮಗ, ಒಂದು ದಿನ ಕಣ್ಣು ಬಿಟ್ಟು ಕೇಳಿದ: "ಖಾಲಿ ಮಾಡಿದ್ದನ್ನ ಎಲ್ಲಿಗೆ ಹಾಕ್ಬೇಕು ಮೇಡಂ?" ಉಳಿದವರು ನಕ್ಕರು. ಅವನು ತಮಾಷೆಗೆ ಕೇಳಿದ್ದಲ್ಲ. ಮನಸ್ಸಿನಲ್ಲಿದ್ದುದನ್ನು ಹೊರಗೆ ಹಾಕಲು ಜಾಗ ಸಿಗದೆ ಅವನಿಗೆ ಗಾಬರಿಯಾಗಿತ್ತು. ಸ್ವಲ್ಪ ಹೊತ್ತಿಗೆ "ಖಾಲಿ ಆಗ್ತಿಲ್ಲ, ಖಾಲಿ ಆಗ್ತಿಲ್ಲ" ಎನ್ನುತ್ತಾ ತಲೆಯನ್ನು ಗೋಡೆಗೆ ಬಡಿದುಕೊಳ್ಳಲು ಶುರುಮಾಡಿದ. ಹಿಡಿದು ನಿಲ್ಲಿಸುವಷ್ಟರಲ್ಲಿ ಹಣೆ ಒಡೆದಿತ್ತು. ಆ ವಾರದ ಕೊನೆಗೆ ಅವನ ತಂದೆ ಬಂದು, ಮಗನನ್ನು ಇನ್ನು ಕಳಿಸುವುದಿಲ್ಲ ಎಂದು ಹೇಳಿ ಹೋದರು.

ಆಮೇಲೆ ಒಂದು ತರಬೇತಿಗೆ ಹೋಗಿದ್ದಾಗ ಅಂಗಾಲಿನ ಅಭ್ಯಾಸ ಕಲಿತೆ. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಬರಿಗಾಲಲ್ಲಿ ನಿಲ್ಲುವುದು. ಹಿಮ್ಮಡಿ ಎಲ್ಲಿ ಊರಿದೆ, ಬೆರಳು ಎಲ್ಲಿ ಊರಿದೆ, ನೆಲ ತಣ್ಣಗಿದೆಯೋ ಬೆಚ್ಚಗಿದೆಯೋ ನೋಡಿಕೊಳ್ಳುವುದು. ಸಿಟ್ಟು ಬಂದರೆ ಅದನ್ನು ಓಡಿಸಹೋಗಬಾರದು, ಅದರ ಹಿಂದೆಯೂ ಹೋಗಬಾರದು. ಗಮನವನ್ನಷ್ಟೇ ಅಂಗಾಲಿಗೆ ತಂದು, ಮೈಯ ಬಿಗಿ ಇಳಿಯುವ ತನಕ ಅಲ್ಲೇ ಇಟ್ಟಿರುವುದು. ನಮ್ಮವರಿಗೆ ಇದು ಒಗ್ಗಿತು, ಏಕೆಂದರೆ ಹಿಮ್ಮಡಿ ಎಂದರೆ ಹಿಮ್ಮಡಿ; ಅದರಲ್ಲಿ ಎರಡು ಅರ್ಥವಿಲ್ಲ. ಆದರೆ ನಮ್ಮ ಮುಖ್ಯಸ್ಥರಿಗೆ ಒಗ್ಗಲಿಲ್ಲ. "ಹೊರಗಿನೋರು ನೋಡೋಕೆ ಬಂದಾಗ ಎಲ್ಲ ಸಾಲಾಗಿ ಕಣ್ಮುಚ್ಚಿ ಕೂತಿದ್ರೆ ಎಷ್ಟು ಚೆನ್ನಾಗಿರ್ತಿತ್ತು. ನೀವು ನೋಡಿದ್ರೆ ಎಲ್ರ ಚಪ್ಪಲಿ ಬಿಚ್ಚಿಸಿ ನಿಲ್ಸಿದೀರಿ" ಎಂದು ಗೊಣಗುತ್ತಿದ್ದರು. ಫ್ಯಾನಿನ ಸದ್ದು, ಟ್ಯೂಬ್‌ಲೈಟಿನ ಮಿಣುಕು ಮೊದಲು ನಿಲ್ಲಲಿ, ಅಂಗಾಲು ಆಮೇಲೆ ಎಂದು ನಾನು ಹಟ ಹಿಡಿದಾಗ ಇನ್ನೂ ಬೇಜಾರು ಮಾಡಿಕೊಂಡರು. ಮುಳ್ಳಿನ ಮೇಲೆ ನಿಲ್ಲಿಸಿ ಅಂಗಾಲು ಗಮನಿಸು ಅನ್ನುವುದು ಪಾಠವಲ್ಲ. ಇದನ್ನು ಹೊಸಬರಿಗೆ ಈಗಲೂ ಹೇಳುತ್ತೇನೆ.

ಆ ದಿನಗಳಲ್ಲೇ ದಟ್ಟಗಳ್ಳಿಯಿಂದ ಮಂಜುಳಾ ಎಂಬವರು ತಮ್ಮ ಮಗಳು ಅನನ್ಯಳನ್ನು ಕರೆತಂದರು. ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದ, ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ ಹುಡುಗಿ. ಶಾಲೆಯ ಗಂಟೆ ಹೊಡೆದರೆ ಬೆಂಚಿನ ಕೆಳಗೆ ಹೋಗುತ್ತಿದ್ದಳು. ಎಳೆಯಲು ಹೋದವರನ್ನು ಕಚ್ಚುತ್ತಿದ್ದಳು. ಆಟಿಸಂ ಎಂದು ವೈದ್ಯರು ಹೇಳಿ ಆಗಿತ್ತು. ಮೊದಲ ಭೇಟಿಯಲ್ಲಿ ನಾವು ಮನೆಯವರ ಬಗ್ಗೆ ವಿಚಾರಿಸುತ್ತೇವೆ. ನಿಮ್ಮ ಕಡೆ ಯಾರಿಗಾದರೂ ಹೀಗೆ ಇತ್ತೇ ಎಂದು ಕೇಳಿದೆ.

"ನಮ್ಮಪ್ಪ ಹೀಗೇ ಕೂಗಾಡೋರು" ಎಂದರು ಮಂಜುಳಾ. "ಆದ್ರೆ ಅವರಿಗೆ ಕಾಯಿಲೆ ಗೀಯಿಲೆ ಏನೂ ಇಲ್ಲ ಮೇಡಂ. ಕೊಬ್ಬು, ಅಷ್ಟೆ."

ಆಮೇಲೆ ಅವರು ಹೇಳಿದ್ದನ್ನು ನಾನು ಮರೆತಿಲ್ಲ. ತಂದೆ ಪುಟ್ಟಸ್ವಾಮಿ, ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ದಿನವಿಡೀ ಯಂತ್ರದ ಪಕ್ಕ ನಿಲ್ಲುವ ಮನುಷ್ಯನಿಗೆ ಮನೆಯಲ್ಲಿ ಒಂದು ಲೋಟ ಬಿದ್ದರೆ ಆಗುತ್ತಿರಲಿಲ್ಲ. ಬಿದ್ದರೆ ಕೂಗು, ಕೂಗಾದ ಮೇಲೆ ಚಪ್ಪಲಿ ಮೆಟ್ಟಿ ಹೊರಗೆ ಹೋಗುವುದು. ಕತ್ತಲಾದ ಮೇಲೆ ಬಂದು ಏನೂ ಆಗಿಲ್ಲವೆಂಬಂತೆ ಊಟಕ್ಕೆ ಕೂರುವುದು. ತಾಯಿ ಜಯಮ್ಮ ಕಲ್ಲಿನ ಮೇಲೆ ಹಳೇ ಸೀರೆ ಹಾಸಿ ಅದರ ಮೇಲೆ ಪಾತ್ರೆ ತೊಳೆಯುತ್ತಿದ್ದರು. ಬಳೆ ಸದ್ದು ಮಾಡುತ್ತದೆ ಎಂದು ಕೈಗೆ ಒಂದೊಂದೇ ಹಾಕಿಕೊಳ್ಳುತ್ತಿದ್ದರು. ನೆಂಟರು ಬರುವುದನ್ನೇ ಬಿಟ್ಟರು.

"ನನ್ನ ಮದುವೇಲಿ ಧಾರೆ ಎರೆಯೋ ಹೊತ್ತಿಗೆ ಗಟ್ಟಿಮೇಳ ಅಂದ್ರು. ವಾಲಗದೋರು ಜೋರಾಗಿ ಊದಿದ್ರು. ನಮ್ಮಪ್ಪ ಎರಡೂ ಕಿವಿ ಮುಚ್ಕೊಂಡು, 'ನಿಲ್ಸ್ರೋ' ಅಂತ ಕಿರುಚಿ, ಮಂಟಪ ಇಳಿದು ಹೋಗ್ಬುಟ್ರು. ಇಡೀ ಛತ್ರ ನೋಡ್ತಿತ್ತು. ನಮ್ಮಮ್ಮ ಒಬ್ಳೇ ನಿಂತಿದ್ಲು. ಕೊನೆಗೆ ಸೋದರಮಾವ ಬಂದು ಧಾರೆ ಎರೆದ್ರು."

ಅಂದಿನಿಂದ ಅವರು ತಂದೆಯ ಜೊತೆ ಮಾತಾಡಿರಲಿಲ್ಲ. ತಾಯಿ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡಾಗಲೂ ಹೋಗಿ ಮಣ್ಣು ಮುಗಿಸಿ ವಾಪಸ್ ಬಂದಿದ್ದರು. ಇದನ್ನೆಲ್ಲ ಹೇಳುತ್ತಿರುವಾಗ ಅನನ್ಯ ಅಲ್ಲೇ ನೆಲದ ಮೇಲೆ ಕೂತು, ಕಿವಿ ಮುಚ್ಚಿಕೊಂಡು, ತನ್ನಷ್ಟಕ್ಕೆ ತೂಗಾಡುತ್ತಿದ್ದಳು. ಮಂಜುಳಾ ಮಗಳನ್ನು ನೋಡಿದರು, ನನ್ನನ್ನು ನೋಡಿದರು, ಮಾತು ನಿಲ್ಲಿಸಿಬಿಟ್ಟರು. ನಾನು ಮುಂದಿನ ಪ್ರಶ್ನೆಗೆ ಹೋದೆ. ಕಣ್ಣಾರೆ ಕಾಣದವರ ಬಗ್ಗೆ ಹೀಗಿರಬಹುದು ಹಾಗಿರಬಹುದು ಎನ್ನುವ ಹಕ್ಕು ನಮಗಿಲ್ಲ.

ಅನನ್ಯ ಬೇಗ ಕಲಿತಳು. ನಮ್ಮ ಕೆಂಪು ನೆಲ ಅವಳಿಗೆ ಇಷ್ಟವಾಯಿತು. ಶಾಲೆಯವರು ಗಂಟೆಗೆ ಮುಂಚೆ ಅವಳನ್ನು ಹೊರಗೆ ಕಳಿಸಲು ಒಪ್ಪಿದರು. ಕಚ್ಚುವುದು ಕಡಿಮೆಯಾಯಿತು. ಮಂಜುಳಾ ಕೂಡ ಮಗಳ ಜೊತೆ ಬರಿಗಾಲಲ್ಲಿ ನಿಲ್ಲತೊಡಗಿದರು. ತಾಯಿಗೆ ಕಲಿಸದೆ ಮಗುವಿಗಷ್ಟೇ ಕಲಿಸಿದರೆ ಕಲಿತದ್ದು ಉಳಿಯುವುದಿಲ್ಲ.

ಒಂದು ಬೆಳಿಗ್ಗೆ ಗೇಟಿನ ಬಳಿ ವಯಸ್ಸಾದವರೊಬ್ಬರು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರಟು, ಕುತ್ತಿಗೆಯ ತನಕ ಗುಂಡಿ ಹಾಕಿದ್ದರು. ಮುಖ ನೋಡದೆ, ಮರ ನೋಡುತ್ತಾ ಮಾತಾಡಿದರು.

"ನಾನು ಪುಟ್ಟಸ್ವಾಮಿ ಅಂತ. ಅನನ್ಯ ನನ್ ಮೊಮ್ಮಗ್ಳು. ಇಲ್ಲಿಗೆ ಬತ್ತದಂತೆ, ನಮ್ಮ ಬಾಮೈದ ಹೇಳ್ದ. ಮಗೀಗೆ ಏನಾಗದೆ?"

"ಅದನ್ನ ನಾನು ಹೇಳೋ ಹಾಗಿಲ್ಲ ಸರ್. ನಿಮ್ಮ ಮಗಳನ್ನ ಕೇಳ್ಬೇಕು."

"ಮಗಳು ನನ್ ಜೊತೆ ಮಾತಾಡಕಿಲ್ಲ."

ಕೂರಿಸಿ ನೀರು ಕೊಟ್ಟೆ. ಅಷ್ಟರಲ್ಲಿ ಒಳಗೆ ಅಡುಗೆಮನೆಯಲ್ಲಿ ಯಾರದೋ ಕೈ ತಪ್ಪಿ ತಟ್ಟೆಗಳು ಉರುಳಿದವು. ಪುಟ್ಟಸ್ವಾಮಿಯವರು ಕೂಗಿದರು. ಮಾತಲ್ಲ, ಬರೀ ಕೂಗು. ಎದ್ದು ಅಂಗಳಕ್ಕೆ ಹೋಗಿ ಹೊಂಗೆ ಮರಕ್ಕೆ ಹಣೆ ಒತ್ತಿ ನಿಂತರು. ನಾನು ಹೋಗಿ ಸ್ವಲ್ಪ ದೂರದಲ್ಲಿ ಸುಮ್ಮನೆ ನಿಂತೆ. ಉಸಿರು ಹದಕ್ಕೆ ಬಂದಮೇಲೆ ಕೇಳಿದೆ: "ಆ ಸದ್ದು ಬಂದಾಗ ಏನಾಯ್ತು ನಿಮಗೆ?"

"ಕಿವಿಗೆ ಬರಕಿಲ್ಲ ಕಣಮ್ಮ ಅದು. ಹಲ್ಲಿಗೆ ಬತ್ತದೆ. ಬೆನ್ನುಮೂಳೇಲಿ ಇಳೀತದೆ. ಆಮೇಲೆ ಯಾರ್ ಕೂಗ್ತಾವ್ರೆ ಅಂತ ನೋಡುದ್ರೆ, ನಾನೇ." ಮತ್ತೆ ಹೇಳಿದರು: "ಇದನ್ನ ಯಾರೂ ಕೇಳಿರ್ನಿಲ್ಲ."

"ಕಾರ್ಖಾನೇಲಿ?"

"ಅಲ್ಲಿ ಒಂದೇ ಸಮ್ಕೆ ಇರ್ತದೆ. ಅದು ಸದ್ದಲ್ಲ."

ನಮ್ಮಲ್ಲಿಗೆ ಬರುತ್ತಿದ್ದ ಮನೋವೈದ್ಯರು ಅವರನ್ನು ಹಲವು ಸಲ ಕೂರಿಸಿ ಮಾತಾಡಿಸಿದರು. ಅಂಥ ವಯಸ್ಸಿನವರಲ್ಲಿ ಆಟಿಸಂ ಗುರುತಿಸುವುದು ಸುಲಭವಲ್ಲ. ಜೀವಮಾನವೆಲ್ಲ ಮುಂಗೋಪಿ ಎಂಬ ಹೆಸರು ಹೊತ್ತವರನ್ನು ಯಾರೂ ವೈದ್ಯರ ಹತ್ತಿರ ಕರೆತರುವುದಿಲ್ಲ. ಹೌದು ಎಂದು ಖಚಿತವಾದ ದಿನ ನಾನೂ ಕೋಣೆಯಲ್ಲಿದ್ದೆ. ಗೊತ್ತಾದರೆ ಹಗುರವಾಗುತ್ತದೆ ಎಂದು ಪುಸ್ತಕಗಳಲ್ಲಿ ಬರೆದಿರುತ್ತಾರೆ. ಕೆಲವರಿಗೆ ಹಾಗೆ ಆಗಿದ್ದೂ ಉಂಟು.

"ಇದು ಹುಟ್ಟಿದಾಗ್ಲಿಂದ್ಲೂ ಇತ್ತಾ?" ಎಂದು ಕೇಳಿದರು ಅವರು.

"ಹೌದು" ಎಂದರು ವೈದ್ಯರು.

"ಅಂಗಾರೆ ಜಯಾನ ಮದ್ವೆ ಆದಾಗ್ಲೂ ಇತ್ತು."

"ಇತ್ತು."

ಪುಟ್ಟಸ್ವಾಮಿಯವರು ಎದ್ದು ಹೋದರು. ಕೆಲವು ವಾರ ಅವರ ಸುಳಿವೇ ಇರಲಿಲ್ಲ. ಆಮೇಲೆ ಒಂದು ದಿನ ಅದೇ ಬಿಳಿ ಶರಟಿನಲ್ಲಿ ಬಂದು, "ಆ ಮಗೀಗೆ ಏನು ಕಲಿಸ್ತೀರೋ ಅದ್ನೇ ನಂಗೂ ಕಲ್ಸಿ" ಎಂದರು.

ಕಲಿಯುವುದರಲ್ಲಿ ಅವರಂಥ ಶಿಷ್ಯ ನನಗೆ ಸಿಕ್ಕಿಲ್ಲ. ಯಾವ ಬೆರಳಿನಿಂದ ಶುರುಮಾಡಬೇಕು, ಹಿಮ್ಮಡಿಯಲ್ಲಿ ಗಮನ ಎಷ್ಟು ಹೊತ್ತು, ಕಾಲು ಮರಗಟ್ಟಿದ್ದರೆ ಏನು ಮಾಡುವುದು. ಎಲ್ಲಕ್ಕೂ ಪ್ರಶ್ನೆ. ಬಸ್‌ಸ್ಟಾಪಿನಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದಾಗ ಯಾರೋ ಹರಕೆ ಹೊತ್ತವರೆಂದು ದಾರಿ ಬಿಟ್ಟರಂತೆ. ಅದನ್ನು ಹೇಳುವಾಗ ಅವರ ಮುಖದಲ್ಲಿ ನಗು ಕಂಡೆ. ಪಕ್ಕದ ಮನೆಯವರು ಗೋಡೆ ಕೊರೆಸುತ್ತಿದ್ದಾಗ ಕೂಗದೆ ಎದ್ದು ಪಾರ್ಕಿಗೆ ಹೋಗಿ ಕೂತು ಬಂದೆ ಎಂದರು. ಸದ್ದು ನೋಯಿಸುವುದು ನಿಂತಿರಲಿಲ್ಲ, ಅದು ನಿಲ್ಲುವಂಥದ್ದಲ್ಲ. ನೋವಿಗೂ ಕೂಗಿಗೂ ನಡುವೆ ಒಂದಿಷ್ಟು ಜಾಗ ಸಿಕ್ಕಿತ್ತು.

ಆದರೆ ಆ ಜಾಗದಲ್ಲಿ ಬೇರೆ ಏನೋ ಬಂದು ಕೂತಿತು. ತರಬೇತಿಯಲ್ಲಿ ನಮಗೆ ಇದನ್ನು ಯಾರೂ ಗಟ್ಟಿಯಾಗಿ ಹೇಳಿರಲಿಲ್ಲ. ಸಿಟ್ಟು ಇಳಿದಾಗ ಅದರ ಕೆಳಗೆ ಇದ್ದದ್ದು ಮೇಲೆ ಬರುತ್ತದೆ. ಒಂದು ಮಧ್ಯಾಹ್ನ ಅಂಗಾಲಿನ ಅಭ್ಯಾಸ ಮಾಡುತ್ತಿದ್ದವರು ನಡುವೆಯೇ ನಿಲ್ಲಿಸಿ, ಗೋಡೆ ನೋಡುತ್ತಾ, ಏರಿಳಿತವಿಲ್ಲದ ದನಿಯಲ್ಲಿ ಹೇಳಿದರು.

"ಆಸ್ಪತ್ರೇಲಿ ಜಯಂಗೆ ಕೆಮ್ಮು ಬತ್ತಿತ್ತು. ಬಂದಾಗ ಸೆರಗ ಬಾಯಿಗೆ ಒತ್ಕಳೋಳು. ಮುಖ ಕಪ್ಪಗೆ ಆಗದು. ಯಾಕಿಂಗೆ ಮಾಡ್ತೀಯ ಅಂದೆ. ನಿಮಗೆ ಸದ್ದು ಆಗಕಿಲ್ವಲ್ಲ ಅಂದ್ಲು. ನಾನು ಸುಮ್ನಾದೆ. ಒತ್ಕೋಬೇಡ, ಕೆಮ್ಮು ಅಂತ ಹೇಳ್ನಿಲ್ಲ. ಯಾಕಂದ್ರೆ ನಂಗೆ ನಿಜ್ವಾಗ್ಲೂ ಆಯ್ತಿರ್ನಿಲ್ಲ."

ಈ ಕೆಲಸದಲ್ಲಿ ಸಮಾಧಾನದ ಮಾತು ಬಾಯಿಗೆ ಬೇಗ ಬರುತ್ತದೆ. ಅದನ್ನು ನುಂಗಿಕೊಳ್ಳುವುದನ್ನು ಕಲಿಯಿರಿ. ನಾನು ಅವರ ಪಕ್ಕದಲ್ಲಿ ಬರಿಗಾಲಲ್ಲಿ ನಿಂತೆ. ಅವರು ಅಳಲಿಲ್ಲ. ಶರಟಿನ ಮೇಲಿನ ಗುಂಡಿಯನ್ನು ತಿರುಗಿಸುತ್ತಲೇ ಇದ್ದರು, ಅದು ಕಿತ್ತು ಕೈಗೆ ಬರುವ ತನಕ.

ಆಮೇಲೆ ಅವರು ಮಗಳಿಗೆ ಹೇಳಬೇಕು ಎಂದರು. "ನೀವೇ ಹೇಳ್ಬುಡಿ" ಎಂದು ಕೇಳಿಕೊಂಡರು. ಕರೆಸುವುದಷ್ಟೇ ನನ್ನ ಕೆಲಸ, ಹೇಳುವುದು ನಿಮ್ಮದು ಎಂದೆ. ಮಂಜುಳಾ ಮೊದಲು ಒಪ್ಪಲಿಲ್ಲ. ಕೊನೆಗೆ, "ಅನನ್ಯ ಸಲುವಾಗಿ ಬರ್ತೀನಿ. ಒಂದ್ಸಲ ಅಷ್ಟೆ" ಎಂದರು.

ಆ ದಿನ ಕೋಣೆಯ ಫ್ಯಾನು ಆರಿಸಿ, ಅಡುಗೆಮನೆಯಲ್ಲಿ ಯಾರೂ ಪಾತ್ರೆ ಮುಟ್ಟಬಾರದೆಂದು ಹೇಳಿಟ್ಟಿದ್ದೆ. ಪುಟ್ಟಸ್ವಾಮಿಯವರು ಮಗಳ ಕಡೆ ನೋಡದೆ, ವೈದ್ಯರು ಹೇಳಿದ್ದನ್ನು ಅದೇ ಕ್ರಮದಲ್ಲಿ ಒಪ್ಪಿಸಿದರು. ಮುಗಿಸಿ, "ಅದಕ್ಕೇ ಮಂಟಪ ಇಳಿದು ಹೋದೆ" ಎಂದರು.

ಮಂಜುಳಾ ಮೊದಲು ಮೆಲ್ಲಗೇ ಮಾತು ಶುರುಮಾಡಿದರು. "ಒಂದು ಹೆಸರು ಸಿಕ್ತು ಅಂತ ಎಲ್ಲ ಸರಿಹೋಯ್ತಾ ಅಪ್ಪ? ನಮ್ಮಮ್ಮ ಜೀವಮಾನ ಎಲ್ಲ ಕಾಲ್ಬೆರಳ ಮೇಲೆ ನಡೆದ್ಲು. ತವರಿನೋರು ಬಂದ್ರೆ ಬಾಗ್ಲಲ್ಲೇ ಮಾತಾಡ್ಸಿ ಕಳಿಸ್ತಿದ್ಲು. ನಿಮ್ಮಪ್ಪಂಗೆ ನನ್ ಕಂಡ್ರೆ ಆಗಲ್ಲ ಕಣೇ ಅಂತ ನನ್ ಹತ್ರ ಅಳ್ತಿದ್ಲು..." ದನಿ ಏರಿತು. ಏರಿ ಒಡೆಯಿತು. ವರ್ಷಗಟ್ಟಲೆ ಒಳಗೆ ಇಟ್ಟುಕೊಂಡಿದ್ದು ಒಮ್ಮೆಲೇ ಹೊರಗೆ ಬಂದಾಗ ಅದಕ್ಕೆ ಸದ್ದು ಇಲ್ಲದೆ ಇರುತ್ತದೆಯೇ?

ಪುಟ್ಟಸ್ವಾಮಿಯವರ ಮುಖ ಬಿಗಿಯಿತು. ಕಾಲಬೆರಳು ನೆಲ ಒತ್ತುತ್ತಿದ್ದುದನ್ನು ಕಂಡೆ. ಪ್ರಯತ್ನಪಟ್ಟರು. ಆಗಲಿಲ್ಲ. ಕಿವಿ ಮುಚ್ಚಿಕೊಂಡು ಎದ್ದು ಹೊರಗೆ ಹೋದರು.

"ನೋಡಿದ್ರಾ ಮೇಡಂ?" ಎಂದರು ಮಂಜುಳಾ. ಕಣ್ಣೊರೆಸಿಕೊಂಡು, ಬ್ಯಾಗು ತೆಗೆದುಕೊಂಡು, ಹಿಂಬಾಗಿಲಿನಿಂದ ಹೊರಟೇಹೋದರು. ನಾನು ತಡೆಯಲಿಲ್ಲ.

ಅವರ ಸ್ಕೂಟರಿನ ಸದ್ದು ತಿರುವಿನಲ್ಲಿ ಅಡಗಿದ ಮೇಲೆ ಪುಟ್ಟಸ್ವಾಮಿಯವರು ಬಾಗಿಲಲ್ಲಿ ಕಾಣಿಸಿಕೊಂಡರು. ಪಾದಗಳಿಗೆ ಅಂಗಳದ ಮಣ್ಣು ಮೆತ್ತಿತ್ತು. ಬಂದು ಅದೇ ಕುರ್ಚಿಯ ಮೇಲೆ ಕೂತು, ಎದುರಿನ ಖಾಲಿ ಕುರ್ಚಿ ನೋಡಿದರು.

"ಎಲ್ಲಿಗೆ ನಿಲ್ಸಿದ್ಲು?" ಎಂದು ಕೇಳಿದರು. "ಮುಂದಕ್ಕೆ ಹೇಳ್ಲಿ ಅಂತ ಬಂದೆ."

ಮುಖ್ಯಸ್ಥರು ಸಂಜೆ ಕರೆದು, ಇಂಥ ಭೇಟಿಗಳಿಂದ ಕೇಂದ್ರದ ಹೆಸರು ಕೆಡುತ್ತದೆ, ಮಕ್ಕಳ ಕೆಲಸ ನೋಡಿಕೊಂಡರೆ ಸಾಕು ಎಂದರು. ನಾನು ಮನೆಗೆ ಬಂದು, ಪುಟ್ಟಸ್ವಾಮಿಯವರ ಒಪ್ಪಿಗೆ ಪಡೆದೇ ಮಂಜುಳಾಗೆ ಫೋನ್ ಮಾಡಿದೆ.

"ನಿಮ್ಮಪ್ಪ ವಾಪಸ್ ಬಂದಿದ್ರು."

"ಎಲ್ಲಿಗೆ?"

"ಕೋಣೆಗೆ. ನೀವು ಹೋದ ಮೇಲೆ. ನೀವು ಎಲ್ಲಿಗೆ ನಿಲ್ಸಿದ್ರಿ ಅಂತ ಕೇಳಿದ್ರು."

"ಅವರು ಯಾವತ್ತೂ ವಾಪಸ್ ಬಂದು ಕೇಳಿದೋರಲ್ಲ" ಎಂದು ಹೇಳಿ ಫೋನಿಟ್ಟರು.

ಪಿತೃಪಕ್ಷದಲ್ಲಿ ಮಂಜುಳಾ ತಂದೆಯನ್ನು ದಟ್ಟಗಳ್ಳಿಯ ಮನೆಗೆ ಕರೆದರು. ಅತ್ತೆಮಾವಂದಿರ ಎಡೆಯ ಪಕ್ಕದಲ್ಲಿ ತಾಯಿಗೂ ಒಂದು ಎಡೆ ಇಡುವುದು ಅವರ ರೂಢಿ. "ನೀವೂ ಬನ್ನಿ ಮೇಡಂ, ನಂಗೆ ಧೈರ್ಯ ಸಾಲಲ್ಲ" ಎಂದು ನನ್ನನ್ನೂ ಕರೆದರು. ಕೇಂದ್ರಕ್ಕೆ ಬರುವವರ ಮನೆಗೆ ಊಟಕ್ಕೆ ಹೋಗುವವಳಲ್ಲ ನಾನು. ಅಂದು ಹೋದೆ.

ಮನೆಯಲ್ಲಿ ಸಾಂಬ್ರಾಣಿ ಹೊಗೆ ತುಂಬಿತ್ತು. ಬಾಳೆ ಎಲೆಯ ಮೇಲೆ ಜಯಮ್ಮನವರಿಗೆ ಇಷ್ಟವಾದ ಕಜ್ಜಾಯ, ವಡೆ, ಪಕ್ಕದಲ್ಲಿ ಮಡಿಸಿದ ಹೊಸ ಸೀರೆ. ಅನನ್ಯಳಿಗಾಗಿ ಮಂಗಳಾರತಿಯನ್ನು ಸದ್ದಿಲ್ಲದೆ ಮಾಡಿದರು. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಂತೆವು. ತಾತ, ಮೊಮ್ಮಗಳು ಒಬ್ಬರನ್ನೊಬ್ಬರು ನೋಡದೆ ಜಗುಲಿಯ ಒಂದೇ ಮೂಲೆ ಹಿಡಿದಿದ್ದರು.

ಪುಟ್ಟಸ್ವಾಮಿಯವರು ನನ್ನ ಕಡೆ ತಿರುಗಿ ಕೇಳಿದರು: "ನಂಗೆ ಅವ್ಳ ಕಂಡ್ರೆ ಆಗದೆ ಇರ್ನಿಲ್ಲ, ಸದ್ದು ಆಯ್ತಿರ್ನಿಲ್ಲ ಅಷ್ಟೆ. ಇದನ್ನ ಜಯಂಗೆ ಯಾರ್ ಹೇಳ್ತಾರೆ ಈಗ?"

ಬೇರೆಯವರಾಗಿದ್ದರೆ ಅದು ದುಃಖದಲ್ಲಿ ಬಂದ ಮಾತು ಎಂದು ಸುಮ್ಮನಿರಬಹುದಿತ್ತು. ಅವರು ಹಾಗೆ ಸುಮ್ಮನೆ ಮಾತಿಗೆಂದು ಆಡುವವರಲ್ಲ. ಅವರಿಗೆ ಉತ್ತರ ಬೇಕಿತ್ತು.

ಮಂಜುಳಾ ಕೇಳಿಸಿಕೊಂಡಿದ್ದರು. ಬಾಗಿಲು ತೆಗೆದರು. "ಬನ್ನಿ ಅಪ್ಪ. ನೀವೇ ಹೇಳಿ."

ಅವರು ಒಳಗೆ ಹೋಗಿ ಜಯಮ್ಮನವರ ಫೋಟೋ ಎದುರು ನಿಂತರು. ಹಲ್ಲಿಗೆ ಬರುವ ಸದ್ದು, ಬೆನ್ನುಮೂಳೆ, ಧಾರೆಯ ದಿನ, ಆಸ್ಪತ್ರೆಯ ಕೆಮ್ಮು. ಎಲ್ಲವನ್ನೂ ಒಂದಾದ ಮೇಲೆ ಒಂದು, ಯಾರನ್ನೋ ಎದುರು ಕೂರಿಸಿಕೊಂಡು ಹೇಳುವಂತೆ ಹೇಳಿದರು. "ಕೂಗ್ತಿದ್ದದ್ದು ನಿನ್ ಮೇಲಲ್ಲ ಜಯಾ" ಎಂದರು. ಹೇಳಿ ಕಾದರು.

ಮಂಜುಳಾ ಹತ್ತಿರ ಹೋಗಿ, "ಅಮ್ಮ ಕೇಳಿಸ್ಕೊಂಡ್ಲು ಬುಡಿ ಅಪ್ಪ" ಎಂದರು.

"ಇಲ್ಲ ಕಣಮ್ಮ" ಎಂದರು ಅವರು. "ಅವ್ಳು ಸತ್ತೋಗವ್ಳೆ. ಅವ್ಳಿಗೆ ಗೊತ್ತಾಗ್ಲೇ ಇಲ್ಲ."

ಮಂಜುಳಾ ಗೋಡೆಗೆ ಒರಗಿ ಕುಸಿದು ಗಟ್ಟಿಯಾಗಿ ಅಳತೊಡಗಿದರು. ತಾಯಿ ಸತ್ತ ದಿನ ಅಳದಿದ್ದುದನ್ನೂ ಸೇರಿಸಿ ಅತ್ತಂತಿತ್ತು. ಪುಟ್ಟಸ್ವಾಮಿಯವರ ಎರಡೂ ಕೈ ಕಿವಿಗೆ ಹೋದವು. ಕಣ್ಣು ಬಿಗಿಯಾಗಿ ಮುಚ್ಚಿತು, ದವಡೆ ನಡುಗಿತು. ಆದರೂ ಅವರು ಹೊರಗೆ ಹೋಗಲಿಲ್ಲ. ಕಿವಿ ಮುಚ್ಚಿಕೊಂಡೇ ಮಗಳ ಪಕ್ಕದಲ್ಲಿ ನಿಂತಿದ್ದರು, ಅವಳ ಅಳು ಮುಗಿಯುವ ತನಕ.